ಸರ್ವೆ ನಂಬರ್ 14/2

ಹಳೆಯ ಪುಸ್ತಕಗಳನ್ನು ಅಂಚೆಯಲ್ಲಿ ಅದಲುಬದಲು ಮಾಡಿಕೊಳ್ಳುವ ನಮ್ಮ ಜಾಲತಾಣದ ಬಳಗದಲ್ಲಿ ನಾನು ದುರಸ್ತಿ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಬೇರೆ ಯಾರೂ ಇಲ್ಲದ ಕಾರಣ ಈವರೆಗೆ ಶಿಸ್ತುಭಂಗದ ಪ್ರಕರಣ ಒಂದೂ ನಡೆದಿರಲಿಲ್ಲ. ನಡೆದದ್ದು ಕಳೆದ ಫೆಬ್ರವರಿಯಲ್ಲಿ. ಆರೋಪಿಯೂ ನಾನೇ, ವಿಚಾರಣೆ ನಡೆಸಿದವನೂ ನಾನೇ. ಶಿಕ್ಷೆಯನ್ನು ಮಾತ್ರ ಬೇರೆಯವರು ಮನ್ನಾ ಮಾಡಿದರು. ಅದನ್ನೇ ಬರೆಯುತ್ತಿದ್ದೇನೆ.

ಯಲ್ಲಾಪುರದ ಹೆದ್ದಾರಿಯ ಪಕ್ಕ ನನ್ನದೊಂದು ಪುಸ್ತಕ ಬೈಂಡಿಂಗಿನ ಅಂಗಡಿ. ಕಚೇರಿಗಳ ರಿಜಿಸ್ಟರು, ಶಾಲೆಯ ಹಾಜರಿ, ಸೊಸೈಟಿಯ ವರದಿ, ಇವುಗಳ ಬೆನ್ನು ಹೊಲಿದು ರಟ್ಟು ಹಾಕುವುದು ಹೊಟ್ಟೆಪಾಡು. ಊರಿನಲ್ಲಿ ನನ್ನನ್ನು ರಟ್ಟಿನ ಭಟ್ರು ಎನ್ನುತ್ತಾರೆ. ಬಳಗದ ವ್ಯವಹಾರ ಸರಳ: ಓದಿದ ಪುಸ್ತಕದ ಹೆಸರನ್ನು ಜಾಲತಾಣದಲ್ಲಿ ಹಾಕಬೇಕು, ಬೇಕೆಂದವರಿಗೆ ಅಂಚೆಯಲ್ಲಿ ಕಳಿಸಬೇಕು, ಒಂದು ಕಳಿಸಿದವರಿಗೆ ಒಂದು ಕೇಳುವ ಹಕ್ಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹತ್ತು ಜನ ಶುರುಮಾಡಿದ್ದು ಈಗ ರಾಯಚೂರಿನವರೆಗೆ ಹಬ್ಬಿದೆ. ಬೆನ್ನು ಮುರಿದ, ಹಾಳೆ ಕಳಚಿದ ಪುಸ್ತಕಗಳು ಮೊದಲು ನನ್ನ ಹತ್ತಿರ ಬರುತ್ತವೆ. ನಾನು ಅವನ್ನು ಗುಣಪಡಿಸಿ ಮುಂದಿನ ಓದುಗರಿಗೆ ಕಳಿಸುತ್ತೇನೆ. ಬಳಗದ ನಿಯಮಾವಳಿಯನ್ನು ಬರೆದವನೂ ನಾನೇ. ಹನ್ನೊಂದು ನಿಯಮಗಳು. ಏಳನೆಯದು ಹೀಗಿದೆ: ‘ಹೋದ ಪುಸ್ತಕವನ್ನು ಮರಳಿ ಕೇಳತಕ್ಕದ್ದಲ್ಲ, ಪಡೆದವರು ಓದಿ ಮುಗಿಸುವವರೆಗೆ ಅದು ಅವರದೇ.’ ಬರೆದ ದಿನ ಈ ವಾಕ್ಯದ ಗಾಂಭೀರ್ಯಕ್ಕೆ ನಾನೇ ತಲೆದೂಗಿದ್ದೆ.

ಜನವರಿಯ ಕೊನೆಗೆ ಸಿದ್ದಾಪುರದಿಂದ ಒಂದು ಪೊಟ್ಟಣ ಬಂತು. ಸೆಣಬಿನ ದಾರದಲ್ಲಿ ಕಟ್ಟಿದ ಒಂದು ದಪ್ಪ ಕಾದಂಬರಿ. ನಮ್ಮ ಕಡೆಯ ಅನೇಕ ಮನೆಗಳಂತೆ ಅದಕ್ಕೂ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ, ಬಿಳಿಯ ಮೈ ಹೊರಗೆ ಬರುವಂತೆ ಹೊದಿಕೆ ಹಾಕಿದ್ದರು. ಬೆನ್ನಿನ ಮೇಲೆ ಪುಸ್ತಕದ ಹೆಸರಿಲ್ಲ. ಅಚ್ಚುಕಟ್ಟಾದ ಅಕ್ಷರದಲ್ಲಿ ‘14/2’ ಎಂದಷ್ಟೇ ಇತ್ತು. ದಾರ ಬಿಚ್ಚಿದೊಡನೆ ಪುಸ್ತಕ ಕೈಯಲ್ಲಿ ನಾಲ್ಕು ಪಾಲಾಯಿತು. ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲ್ ಬರಹ, ಎರಡು ಕೈಯದು. ಒಂದು ಚಿಕ್ಕದು, ಚೂಪು, ಗಟ್ಟಿ. ಇನ್ನೊಂದು ದುಂಡಗೆ, ಮೆತ್ತಗೆ, ಓಡುವ ಬರಹ.

ನಾನು ಅದನ್ನು ಓದಲಿಲ್ಲ. ಮಡಿವಾಳನು ಕಲೆಯನ್ನು ನೋಡುವಂತೆ ನೋಡಿದೆ. ಪುಸ್ತಕ ಹೊಲಿದು ಹೊಲಿದು ನನ್ನ ಬೆರಳು ದಡ್ಡುಗಟ್ಟಿದೆ, ಓದಿದ್ದು ಮಾತ್ರ ಬಹಳ ಕಡಿಮೆ. ಮಿಠಾಯಿ ಅಂಗಡಿಯವನು ಮಿಠಾಯಿ ತಿನ್ನದಿರುವುದು ಪ್ರಸಿದ್ಧವೇ.

ಮೊದಲು ಹಳೆಯ ಹೊಲಿಗೆ ಬಿಡಿಸಿ ಫಾರಂಗಳನ್ನು, ಅಂದರೆ ಹದಿನಾರು ಪುಟಗಳ ಮಡಿಕೆಗಳನ್ನು, ಬೇರೆಬೇರೆ ಮಾಡಿದೆ. ಆಮೇಲೆ ಮೆತ್ತನೆಯ ರಬ್ಬರನ್ನು ಓರೆಯಾಗಿ ಕತ್ತರಿಸಿಕೊಂಡು ಪುಟದ ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ ಉಜ್ಜಿದೆ. ಹಿಂದೆ ಮುಂದೆ ಉಜ್ಜಿದರೆ ಹಾಳೆ ಮಡಚಿಕೊಳ್ಳುತ್ತದೆ. ದುಂಡನೆಯ ಬರಹ ಒಂದೇ ಸವರಿಗೆ ಹೋಯಿತು. ಗಟ್ಟಿ ಬರಹ ಹೋಗಲು ಮೂರು ಸಲ ಬೇಕಾಯಿತು, ಹೋದ ಮೇಲೂ ಹಾಳೆಯಲ್ಲಿ ತಗ್ಗು ಉಳಿಯಿತು. ಅದಕ್ಕೆ ಹಾಳೆ ಮಗುಚಿ ಮೂಳೆಯ ಪಟ್ಟಿಯಿಂದ ತೀಡಿ ಸಮ ಮಾಡುವ ವಿಧಾನವಿದೆ. ಅರವತ್ತು ಪುಟದವರೆಗೆ ಹಾಗೆ ತೀಡಿದೆ. ಆಮೇಲೆ ಕೈ ಸೋತು, ‘ಓದುವವರೇನು ಹಾಳೆಗೆ ಕೆನ್ನೆ ಇಟ್ಟು ನೋಡುತ್ತಾರೆಯೇ’ ಎಂದು ಬಿಟ್ಟುಬಿಟ್ಟೆ. ಹುಳ ಬೀಳದಂತೆ ಮೈಲುತುತ್ತು ಹಾಕಿದ ಮೈದಾ ಅಂಟು, ಮೇಣದ ದಾರ, ಹೊಸ ರಟ್ಟು, ಮರೂನು ಬಣ್ಣದ ರೆಕ್ಸಿನ್. ಒಟ್ಟು ಒಂಬತ್ತು ದಿನ. ಹಳೆಯ ಪುಟದ ಒಂದು ಚಿತ್ರ ಎಡಕ್ಕೆ, ಬೆಳ್ಳಗಾದ ಅದೇ ಪುಟದ ಚಿತ್ರ ಬಲಕ್ಕೆ ಇಟ್ಟು, ‘ಮೊದಲು, ನಂತರ’ ಎಂದು ಜಾಲತಾಣದಲ್ಲಿ ಹಾಕಿದೆ. ಬಹಳ ಜನ ಮೆಚ್ಚಿದರು. ಪುಸ್ತಕವನ್ನು ಕೇಳಿದ್ದ ಶಿರಸಿಯ ಸದಸ್ಯರಿಗೆ ಅಂಚೆಯಲ್ಲಿ ಕಳಿಸಿ, ನಾನು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಎಂಟನೆಯ ದಿನ, ಸೋಮವಾರ, ಸಿದ್ದಾಪುರದಿಂದ ಒಂದು ಸಂದೇಶ ಬಂತು. ಪುಸ್ತಕ ಕಳಿಸಿದ್ದ ಹೆಂಗಸು ಬರೆದಿದ್ದರು: ‘ಎಡಗಡೆಯ ಚಿತ್ರದಲ್ಲಿರುವುದು ನಮ್ಮ ಪುಸ್ತಕ. ಬಲಗಡೆಯದು ಯಾರದ್ದೆಂದು ಗೊತ್ತಾಗಲಿಲ್ಲ.’

ಕೆಳಗೆ ಫೋನ್ ನಂಬರು ಇತ್ತು. ಮಾಡಿದೆ.

“ಆನು ಬೈಯಲೆ ಹೇಳಿ ನಂಬರ್ ಕೊಟ್ಟಿದ್ದಲ್ಲ ಭಟ್ರೆ,” ಎಂದರು ಆಕೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. “ತಪ್ಪು ಎನ್ನದೇ. ಕಟ್ಟಿದ ದಾರ ಬಿಚ್ಚಿ ನೋಡಿದ್ನಿಲ್ಲೆ.”

ಆಕೆ ಹೇಳಿದ್ದು ಇಷ್ಟು. ಗಂಡ ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿದ್ದವರು. ಮನೆಯ ಪುಸ್ತಕಗಳಿಗೆಲ್ಲ ಅವರು ಜಮೀನಿಗೆ ಹಾಕುವಂತೆ ನಂಬರು ಹಾಕಿದ್ದರು: ಬರೆದವರಿಗೊಂದು ಸರ್ವೆ ನಂಬರು, ಅವರ ಒಂದೊಂದು ಪುಸ್ತಕಕ್ಕೆ ಒಂದೊಂದು ಹಿಸ್ಸೆ. ಯಾವ ನಂಬರು ಯಾವ ಪುಸ್ತಕ ಎಂಬ ಪಟ್ಟಿ ಇದ್ದದ್ದು ಅವರ ತಲೆಯಲ್ಲಿ ಮಾತ್ರ. ಎಂಟು ತಿಂಗಳ ಹಿಂದೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿದ್ದಿತು, ಮಾತು ಪೂರ್ತಿ ನಿಂತಿತು. ಎಲ್ಲ ಅರ್ಥವಾಗುತ್ತದೆ, ಒಂದು ಶಬ್ದ ಹೊರಡುವುದಿಲ್ಲ. ಮಂಚ ಹಾಕಲು ಜಾಗಕ್ಕಾಗಿ ಆಕೆ ಮುಂದಿನ ಕೋಣೆಯ ಕಪಾಟು ತೆರವು ಮಾಡಿದರು, ಪುಸ್ತಕಗಳನ್ನು ಬಳಗಕ್ಕೆ ಕೊಟ್ಟರು. ದಾರ ಕಟ್ಟಿದ್ದವು ಎರಡಿದ್ದವು, ಬಿಳಿ ಹೊದಿಕೆಯಲ್ಲಿ ಅವಳಿ ಮಕ್ಕಳಂತೆ: 14/2 ಮತ್ತು 14/3. ಇಟ್ಟುಕೊಳ್ಳಬೇಕಾದದ್ದು 14/3 ಎಂದು ಆಕೆ ತಿಳಿದಿದ್ದರು.

“ಆ ಪುಸ್ತಕದಲ್ಲಿ ಯಂಗ್ಳ ಜಗಳ ಇತ್ತು,” ಎಂದರು. “ಮದುವೆ ಆದ ವರ್ಷ ಶುರುವಾಗಿದ್ದು. ಇವು ಸರ್ವೆಗೆ ಹೋದಾಗ ವಾರಗಟ್ಲೆ ಬತ್ತಿದ್ವಿಲ್ಲೆ. ಬಂದಾಗ ಇವು ಓದಿ ಅಂಚಲ್ಲಿ ಬರೀತಿದ್ದ, ಹೋದ ಮೇಲೆ ಆನು ಓದಿ ಉತ್ತರ ಬರೀತಿದ್ದಿ. ಎಷ್ಟು ಸಲ ಓದಿದ್ಯ ಏನ.”

ಹುಬ್ಬಳ್ಳಿಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಂದು ದಾರಿ ಹೇಳಿಕೊಟ್ಟಿದ್ದರಂತೆ. ರೋಗಿಗೆ ಚೆನ್ನಾಗಿ ಗೊತ್ತಿರುವ ವಾಕ್ಯವನ್ನು ಓದಿ ಹೇಳಬೇಕು, ಕೊನೆಯ ಶಬ್ದ ಬಿಟ್ಟು ಕಾಯಬೇಕು. ಬಾಯಿ ತಾನಾಗಿ ಪೂರ್ತಿ ಮಾಡುವ ಸಂಭವವಿದೆ. ಆಕೆ ಸ್ತೋತ್ರ ಹೇಳಿ ನೋಡಿದರು, ಗಾದೆ ಹೇಳಿ ನೋಡಿದರು. ಗಂಡ ಗೋಡೆ ನೋಡುತ್ತ ಕುಳಿತರು. ಆಗ ಜಗಳದ ಪುಸ್ತಕ ನೆನಪಾಗಿ 14/3ರ ದಾರ ಬಿಚ್ಚಿದರೆ, ಒಳಗೆ ಒಂದು ಗೀಟೂ ಇಲ್ಲದ ಪ್ರಬಂಧ ಸಂಕಲನ. ಅದೇ ದಿನ ಜಾಲತಾಣದಲ್ಲಿ ನನ್ನ ವಿಜಯದ ಚಿತ್ರ ಕಣ್ಣಿಗೆ ಬಿತ್ತು.

“ದೇವರ ಮಾತು ಇವ್ಕೆ ಬೇಡ್ದ. ಎನ್ನ ಹತ್ರ ಜಗಳ ಆಡಲಾದ್ರೂ ಬಾಯಿ ಬಿಡ್ತ್ರನ ಹೇಳಿ ಇತ್ತು,” ಎಂದು ಆಕೆ ನಿಲ್ಲಿಸಿದರು. “ಹೋಗ್ಲಿ ಬಿಡಿ. ಗೊತ್ತಿರವು ಹೇಳಿ ತಿಳಿಸಿದ್ದು.”

ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ಅಂಟಿನ ಪಾತ್ರೆ ತೊಳೆಯುತ್ತಿದ್ದವಳು ಕೇಳಿದಳು, “ಎಂತ ಆತು?” ಹೇಳಿದೆ. “ನಿಂಗ ರಬ್ಬರ್ ಹಿಡಿದ್ರೆ ಭಗವಂತ ಬರೆದ ಹಣೆಬರಹವೂ ಉಳಿಯದಿಲ್ಲೆ,” ಎಂದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವಳು ಆಡಿದ ಏಕೈಕ ಪ್ರಶಂಸೆ ಅದು.

ಪುಸ್ತಕ ವಾಪಸ್ ಬಂದರೂ ಬರಹವಿಲ್ಲವಲ್ಲ ಎನ್ನಿಸಿತು. ಆದರೂ ಪುಸ್ತಕವಾದರೂ ಆ ಮನೆಗೆ ಸೇರಲಿ ಎಂದು ಮರುದಿನ ಬೆಳಗಿನ ಬಸ್ಸಿಗೆ ಶಿರಸಿಗೆ ಹೋದೆ. ಪುಸ್ತಕ ಪಡೆದಿದ್ದವರು ನಿವೃತ್ತ ಮುಖ್ಯೋಪಾಧ್ಯಾಯರು, ಹಾವೇರಿ ಕಡೆಯಿಂದ ಬಂದು ಶಿರಸಿಯಲ್ಲಿ ನೆಲೆಸಿದವರು. ಜಗಲಿಯಲ್ಲಿ ಎಳೆಬಿಸಿಲಿಗೆ ಕುಳಿತು ಅದನ್ನೇ ಓದುತ್ತಿದ್ದರು.

“ಬರ್ರಿ ಭಟ್ರ, ಕೂಡ್ರಿ. ಏನು ಬೈಂಡ್ ಮಾಡೀರಿ! ಬಾಗಲಾ ತಗದಂಗ ಸಪ್ಪಳ ಆಗ್ತದ.”

ಬಂದ ಕಾರಣ ಹೇಳದೆ, ಪುಸ್ತಕ ವಾಪಸ್ ಬೇಕಾಗಿತ್ತು ಎಂದಷ್ಟೇ ಅಂದೆ. ಹೇಳಲು ನಾಚಿಕೆ.

ಅವರು ಕನ್ನಡಕ ತೆಗೆದರು. “ನಿಯಮ ಏಳು ಬರದಾವ್ರು ಯಾರ್ರೀ?”

“ನಾನೇ.”

“ಕೇಳತಕ್ಕದ್ದಲ್ಲ ಅಂತ ಬರದೀರಿ. ನಾ ಮೂವತ್ತು ವರ್ಷ ಶಾಲಿ ನಡಸೀನಿ, ಅಂಥಾ ಗಟ್ಟಿ ಶಬ್ದ ನಾನೂ ಬಳಸಿಲ್ಲ. ಇನ್ನ ನಲವತ್ತ ಪುಟ ಉಳದಾವ. ಮುಗಸೋತನಕ ಕೊಡಂಗಿಲ್ಲ.”

ಸ್ವಂತ ಕಾನೂನಿನ ಉರುಳಿಗೆ ಕೊರಳು ಕೊಟ್ಟು ಕುಳಿತೆ. ಅವರು ಚಹಾ ತರಿಸಿದರು, ಮತ್ತೆ ಪುಟ ಬಿಡಿಸಿದರು. “ಆದರ ಒಂದು ಮಾತು ಕೇಳಬೇಕಂತಿದ್ದೆ. ಇದರ ಮೈಮ್ಯಾಲೆ ಸಿಡುಬಿನ ಕಲಿ ಇದ್ದಂಗ ಅದಾವಲ್ರಿ? ಮಧ್ಯಾಹ್ನ ಕಾಣೂದಿಲ್ಲ. ಮುಂಜಾನಿ ಬಿಸಲು ಅಡ್ಡ ಬಿದ್ದಾಗ ಎದ್ದು ಕಾಣತಾವ. ನೋಡ್ರಿಲ್ಲೆ.”

ಪುಸ್ತಕವನ್ನು ಸೂರ್ಯನ ಕಡೆಗೆ ಸ್ವಲ್ಪ ಓರೆ ಹಿಡಿದರು. ಬೆಳ್ಳನೆಯ ಅಂಚಿನಲ್ಲಿ ನೆರಳಿನ ಗೆರೆಗಳು ಎದ್ದವು. ಅವರು ಬೆರಳಿಟ್ಟು ಅಕ್ಷರ ಕೂಡಿಸಿ ಓದಿದರು: “ಹದಿನೇಳು ಕಿಲೋಮೀಟರ್ ಒಂದು ತಾಸಿನಲ್ಲಿ ನಡೆಯಲು ಇವನೇನು ಜಿಂಕೆಯೇ.” ಓದಿ ಹೊಟ್ಟೆ ಅಲುಗುವಂತೆ ನಕ್ಕರು. “ಯಾರೋ ಭಾಳ ಖರೇ ಮನಷ್ಯಾ ರೀ ಅಂವ.”

ಆಗ ನಾನು ಎಲ್ಲವನ್ನೂ ಹೇಳಿದೆ. ಭೂಮಾಪಕರು ನಕ್ಷೆ ಬರೆಯುವ ಗಟ್ಟಿ ಪೆನ್ಸಿಲ್ಲಿನಿಂದಲೇ ಅಂಚಿನಲ್ಲೂ ಬರೆದಿದ್ದರು. ಅದು ಹಾಳೆಯನ್ನು ಬಣ್ಣ ಮಾಡುವುದಕ್ಕಿಂತ ಹೆಚ್ಚಾಗಿ ಕೊರೆಯುತ್ತದೆ. ಬಣ್ಣವನ್ನು ನಾನು ತೆಗೆದಿದ್ದೆ, ಕೊರೆತ ಉಳಿದಿತ್ತು, ಅರವತ್ತನೆಯ ಪುಟದಿಂದ ಆಚೆಗೆ. ನನ್ನ ಸೋಮಾರಿತನಕ್ಕೆ ಜೀವನದಲ್ಲಿ ಮೊದಲ ಸಲ ಕೃತಜ್ಞನಾದೆ.

ಮಾಸ್ತರರು ಪುಸ್ತಕ ಮುಚ್ಚಿ ನನ್ನ ತೊಡೆಯ ಮೇಲಿಟ್ಟರು. “ಮದಲ ಹೇಳಬಾರದೇನ್ರಿ ಮಾರಾಯ್ರ. ಒಯ್ರಿ. ಕಡೀಕ ಆ ಹುಡುಗಿ ತವರಿಗೆ ಹೋಗ್ತಾಳೋ ಇಲ್ಲೋ, ಅಷ್ಟ ಹೇಳಿಬಿಡ್ರಿ.”

“ನಾನು ಓದಿಲ್ಲ ಮಾಸ್ತರೆ.”

ಅವರು ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಅವರ ಕೈಕೆಳಗೆ ನಪಾಸಾದ ಮಕ್ಕಳಿಗೆಲ್ಲ ಅದು ಗೊತ್ತಿರುತ್ತದೆ.

ಬುಧವಾರದಿಂದ ಅಂಗಡಿಯಲ್ಲಿ ಕೆಲಸ ಶುರುವಾಯಿತು. ಮೊದಲನೆಯ ತೊಡಕು ನನ್ನದೇ ಹೊಲಿಗೆ. ಪುಸ್ತಕ ಚಪ್ಪಟೆಯಾಗಿ ತೆರೆಯುತ್ತಿರಲಿಲ್ಲ, ಬೆನ್ನಿನ ಹತ್ತಿರದ ಅಂಚು ಬಾಗಿ ನೆರಳಿನಲ್ಲಿ ಮುಳುಗುತ್ತಿತ್ತು. ಮಾಸ್ತರರು ಮೆಚ್ಚಿದ ಆ ಮರೂನು ರಟ್ಟನ್ನು ನಾನೇ ಸೀಳಿ, ಗಂಟುಗಳನ್ನು ಒಂದೊಂದಾಗಿ ಕತ್ತರಿಸಿ ಫಾರಂಗಳನ್ನು ಬಿಡಿಸಿದೆ. ಯಾವ ಗಿರಾಕಿಯೂ ನನ್ನ ಕೆಲಸದ ಗಟ್ಟಿತನವನ್ನು ಅಷ್ಟು ಚೆನ್ನಾಗಿ ಪರೀಕ್ಷಿಸಿರಲಾರ.

ಆಮೇಲೆ ಬೆಳಕು. ಹೊರಗಿನ ಬೆಳಕು ಎಲ್ಲ ಕಡೆಯಿಂದ ಬಂದು ತಗ್ಗನ್ನು ತುಂಬಿಬಿಡುತ್ತದೆ. ಹಾಗಾಗಿ ಮಟಮಟ ಮಧ್ಯಾಹ್ನ ಬಾಗಿಲು ಮುಚ್ಚಿ, ಬ್ಯಾಟರಿಯನ್ನು ಮೇಜಿನ ಮೇಲೆ ಹಾಳೆಗೆ ಸಮನಾಗಿ ಮಲಗಿಸಿದೆ. ಒಂದು ಗೇಣು ದೂರ ಇಟ್ಟರೆ ಸರಿ, ಹತ್ತಿರ ತಂದರೆ ಕಾಗದದ ನಾರುಗಳೂ ಎದ್ದು ನಿಂತು ಅಕ್ಷರಗಳಂತೆ ವೇಷ ಹಾಕುತ್ತವೆ. ಎಡದಿಂದ ಬೆಳಕು ಬಿಟ್ಟರೆ ಅಡ್ಡಗೆರೆ ಕಾಣುವುದಿಲ್ಲ, ಮೇಲಿನಿಂದ ಬಿಟ್ಟರೆ ಉದ್ದಗೆರೆ ಕಾಣುವುದಿಲ್ಲ. ಹಾಗಾಗಿ ಒಂದೊಂದು ಸಾಲನ್ನೂ ಎರಡೆರಡು ಸಲ ನೋಡಬೇಕು. ದಿನಕ್ಕೆ ಐವತ್ತು ಪುಟ ದಾಟಲಿಲ್ಲ.

ರಿಜಿಸ್ಟರು ಒಯ್ಯಲು ಬಂದ ಕಚೇರಿಯ ಗುಮಾಸ್ತರು ಬಾಗಿಲು ಬಡಿದು ಹೋದರು. ಹೆಂಡತಿ ಹಿಂದಿನ ಬಾಗಿಲಿನಿಂದ ಇಣುಕಿದಳು. “ಹಗಲೊತ್ತಲ್ಲಿ ಬಾಗ್ಲು ಹಾಕ್ಕಂಡು ಬ್ಯಾಟರಿ ಹಿಡ್ಕಂಡು ಕುತ್ರೆ ಊರವು ಎಂತ ಹೇಳ್ತ?”

“ಸಂಶೋಧನೆ ಹೇಳಿ ಹೇಳು.”

“ಕಳ್ಳನೋಟು ಹೇಳಿ ಹೇಳ್ತ,” ಎಂದು ಅವಳು ಒಳಗೆ ಬಂದು ಬ್ಯಾಟರಿ ಹಿಡಿಯಲು ಕುಳಿತಳು. ಆಮೇಲೆ ಎದ್ದು ಹೋಗಲಿಲ್ಲ.

ಭೂಮಾಪಕರು ಜಗಳವನ್ನೂ ವರದಿಯ ಭಾಷೆಯಲ್ಲಿಯೇ ಬರೆದಿದ್ದರು. ‘ಪುಟ 74. ಗಡಿಕಲ್ಲು ನೋಡದೆ ಜಮೀನು ಬರೆದುಕೊಟ್ಟಿದ್ದಾನೆ. ಮುಂದೆ ಅನುಭವಿಸುವನು.’ ‘ಪುಟ 112. ಸದರಿ ಹೆಂಗಸು ಮೂರು ಪುಟಗಳಿಂದ ಅಳುತ್ತಿದ್ದಾಳೆ. ಕುಡಿಯಲು ನೀರು ಕೊಡುವವರಿಲ್ಲವೇ?’ ನನ್ನ ಹೆಂಡತಿ ಬ್ಯಾಟರಿ ಅಲುಗಾಡಿಸುತ್ತ ನಕ್ಕಳು. ನಕ್ಕವಳು, “ಇದ್ಕೆ ಅವಳು ಎಂತ ಉತ್ತರ ಕೊಟ್ಟಿಕ್ಕು?” ಎಂದಳು.

ಅಲ್ಲಿಯೇ ನಮ್ಮಿಬ್ಬರ ನಗು ನಿಂತಿತು. ಭೂಮಾಪಕರ ಹೆಂಡತಿಯ ಬರಹ ಎಲ್ಲಿಯೂ ಇರಲಿಲ್ಲ. ಮೆತ್ತನೆಯ ಪೆನ್ಸಿಲ್, ಹಗುರ ಕೈ. ತಗ್ಗು ಬಿದ್ದೇ ಇರಲಿಲ್ಲ. ಹಾಳೆಯನ್ನು ಎಲ್ಲ ದಿಕ್ಕಿನಿಂದಲೂ ತಿರುಗಿಸಿ ನೋಡಿದೆ. ಗಂಡ ಕೇಳಿದ್ದೆಲ್ಲ ಇದೆ, ಹೆಂಡತಿ ಹೇಳಿದ್ದು ಒಂದಕ್ಷರವೂ ಇಲ್ಲ. ಜಾಲತಾಣಕ್ಕೆಂದು ತೆಗೆದ ಆ ಒಂದು ಚಿತ್ರದಲ್ಲಿ ಮಾತ್ರ ಆಕೆಯ ಒಂದು ಸಾಲು ಉಳಿದಿತ್ತು, ನೀರಿನ ಪ್ರಶ್ನೆಯ ಕೆಳಗೆ: ‘ನಿಂಗ ಯಾವಾಗಾದ್ರೂ ಕೊಟ್ಟಿದ್ದು ಇದ್ದ?’

ಗುರುವಾರ ನನಗೊಂದು ಯೋಜನೆ ಹೊಳೆಯಿತು. ಗಂಡನ ತಗ್ಗಿನಲ್ಲಿ ಅಂಥದೇ ಗಟ್ಟಿ ಪೆನ್ಸಿಲ್ ಓಡಿಸಿ ಕಪ್ಪು ಮಾಡುವುದು. ಆಕೆಯ ಮಾತುಗಳನ್ನು ಫೋನಿನಲ್ಲಿ ಕೇಳಿ, ಚಿತ್ರದಲ್ಲಿರುವ ದುಂಡಕ್ಷರವನ್ನು ನೋಡಿ ಅದೇ ಶೈಲಿಯಲ್ಲಿ ನಾನೇ ತುಂಬುವುದು. ಪುಸ್ತಕ ಮೊದಲಿನಂತೆ ಆಗುತ್ತದೆ, ನನ್ನ ಅಪರಾಧದ ಗುರುತೇ ಇರುವುದಿಲ್ಲ. ಈ ಎರಡನೆಯ ಕಾರಣವೇ ನನಗೆ ಹೆಚ್ಚು ಇಷ್ಟವಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

‘ಅನುಭವಿಸುವನು’ ಎಂಬ ಶಬ್ದದಿಂದ ಶುರುಮಾಡಿದೆ. ನಾಲ್ಕು ಅಕ್ಷರ ಚೆನ್ನಾಗಿಯೇ ಬಂತು. ಐದನೆಯದಕ್ಕೆ ಹೊರಗೆ ಮರದ ನಾಟಾ ತುಂಬಿದ ಲಾರಿಯೊಂದು ಹಾದು ಮೇಜು ನಡುಗಿತು, ಪೆನ್ಸಿಲ್ ತಗ್ಗಿನಿಂದ ಹೊರಕ್ಕೆ ಜಾರಿತು. ಗೆರೆ ಚಿಕ್ಕದೇ. ಆದರೆ ನೋಡಿದರೆ ಆ ಇಡೀ ಶಬ್ದ ನನ್ನ ಬರಹವಾಗಿ ಕುಳಿತಿತ್ತು. ಅದನ್ನು ಬರೆದ ಮನುಷ್ಯ ಅಲ್ಲಿಂದ ಎದ್ದು ಹೋಗಿದ್ದ.

ನನ್ನ ಹೆಂಡತಿ ಬ್ಯಾಟರಿ ಆರಿಸಿದಳು. “ಮೊದಲು ಅಳ್ಸಿದ್ರಿ. ಈಗ ಅವರ ಜಗಳ ನಿಂಗ ಆಡಲೆ ಹೊರಟ್ರಿ.”

ಆ ಶಬ್ದವನ್ನು ಅಳಿಸಲು ರಬ್ಬರಿಗೆ ಕೈ ಹಾಕಿದೆ, ಹಾಗೇ ಬಿಟ್ಟೆ. ಇನ್ನು ಹಾಳೆಗೆ ಏನೂ ತಾಗಿಸುವುದಿಲ್ಲ ಎಂದು ಅಲ್ಲಿಯೇ ನಿರ್ಧರಿಸಿದೆ. ಓದುವುದಷ್ಟೇ. ಕಂಡದ್ದನ್ನು ಬೇರೆ ಕಾಗದದಲ್ಲಿ ಪುಟದ ಸಂಖ್ಯೆ ಹಾಕಿ ಬರೆದುಕೊಳ್ಳುವುದು, ಕಾಣದ್ದನ್ನು ಕಾಣದೆಂದು ಬರೆಯುವುದು, ಮತ್ತು ಎಲ್ಲವನ್ನೂ ಎತ್ತಿಕೊಂಡು ಹೋಗಿ ಆ ಮನೆಯವರ ಮುಂದೆ ಇಡುವುದು. ಹೊಲಿಯದ ಪುಸ್ತಕವನ್ನು ಗಿರಾಕಿಯ ಮನೆಗೆ ನಾನು ಒಯ್ದದ್ದು ಅದೊಂದೇ ಸಲ.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಶಿರಸಿ, ಅಲ್ಲಿಂದ ಸಿದ್ದಾಪುರ. ಫಾರಂಗಳನ್ನು ರಟ್ಟುಗಳ ನಡುವೆ ಇಟ್ಟು ಪಂಚೆಯಲ್ಲಿ ಸುತ್ತಿಕೊಂಡಿದ್ದೆ. ಪಕ್ಕದಲ್ಲಿ ಕುಳಿತವರು ಯಾವ ದೇವಸ್ಥಾನಕ್ಕೆ ಎಂದು ಕೇಳಿದರು.

ಮನೆ ಪೇಟೆಯ ಬೀದಿಯಲ್ಲೇ, ಕೆಳಗೆ ಹೊಲಿಗೆ ಅಂಗಡಿ, ಮೇಲೆ ಇವರು. ಬಾಗಿಲು ತೆರೆದ ಹೆಂಗಸು ನನಗಿಂತ ಐದಾರು ವರ್ಷ ಚಿಕ್ಕವರು. “ಬನ್ನಿ ಭಟ್ರೆ. ಆಸ್ರಿಗೆ ಎಂತ ಅಡ್ಡಿಲ್ಲೆ?”

“ಕುಡಿಯುವುದು ಆಮೇಲೆ, ಮೊದಲು ಇದು ಆಗಲಿ ತಂಗೀ,” ಎಂದು, ಎಷ್ಟು ಸಿಕ್ಕಿದೆ, ಎಷ್ಟು ಸಿಕ್ಕಿಲ್ಲ ಎಂದು ಹೇಳಿದೆ. ಆಕೆಯ ಮಾತುಗಳೆಲ್ಲ ಹೋದವು ಎಂದಾಗ ತಲೆ ಎತ್ತಲಾಗಲಿಲ್ಲ.

“ಎನ್ನದು ಹೋದ್ರೆ ಹೋಗ್ಲಿ. ಎನಗೆ ಬಾಯಿ ಇದ್ದಲಿ,” ಎಂದರು.

ಭೂಮಾಪಕರು ಪೂರ್ವದ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ನೀಟಾಗಿ ಬಾಚಿದ ತಲೆ, ತೊಡೆಯ ಮೇಲೆ ಮಲಗಿದ ಬಲಗೈ. ನನ್ನನ್ನು ಅಳೆದು ನೋಡಿದರು. ಗೋಡೆಗೆ ತಾಗಿಸಿ ಮೇಜು ಎಳೆದು ಒಂದು ಫಾರಂ ಬಿಡಿಸಿಟ್ಟೆ. ಬ್ಯಾಟರಿಯ ಅಗತ್ಯವೇ ಬೀಳಲಿಲ್ಲ. ಕಿಟಕಿಯ ಓರೆಬಿಸಿಲಿಗೆ ಅಕ್ಷರಗಳು ತಾವಾಗಿ ಎದ್ದವು. ಅವರು ಮುಂದಕ್ಕೆ ಬಾಗಿದರು. ತಮ್ಮ ಕೈಬರಹ ಕಂಡು ಹುಬ್ಬು ಮೇಲೇರಿತು.

ಡಾಕ್ಟರಮ್ಮನ ವಿಧಾನದಂತೆ ಓದಿದೆ. “ಒಂದು ತಾಸಿನಲ್ಲಿ ನಡೆಯಲು ಇವನೇನು...” ನಿಲ್ಲಿಸಿದೆ. ತುಟಿ ಸ್ವಲ್ಪ ಅಲುಗಿತು. ಅಷ್ಟೇ. “ಕುಡಿಯಲು ನೀರು ಕೊಡುವವರು...” ಕಾದೆ. ಕೆಳಗಿನ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಹೆಂಡತಿ ತನ್ನ ಉತ್ತರಗಳನ್ನು ನೆನಪಿನಿಂದ ಹೇಳುತ್ತಿದ್ದರು, ಗಂಡನ ಕಣ್ಣಿನ ಮೂಲೆ ನಗುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಅಲ್ಲೊಂದು ಇಲ್ಲೊಂದು ಆರಿಸಿ ಹೀಗೆ ಮೂವತ್ತು ಪುಟ ನಡೆಯಿತು. ಆಕೆ ನನ್ನ ಕಡೆ ನೋಡದೆ, “ಇಷ್ಟು ನಗ್ತಾ ಕುತ್ಗಂಡಿದ್ದನ್ನೇ ನೋಡದ್ದೆ ಎಷ್ಟು ದಿನ ಆತು. ಸಾಕು,” ಎಂದರು. ಸಾಕೆಂದು ಹೇಳುವವರ ಧ್ವನಿ ಹಾಗಿರುವುದಿಲ್ಲ.

ಪುಟ 203ಕ್ಕೆ ಬಂದೆವು. ಕಥೆಯಲ್ಲಿ ಗಂಡ ಹೆಂಡತಿಗೆ ತಿಳಿಸದೆ ಊರು ಬಿಟ್ಟು ಹೋಗುವ ಪುಟ. ಅಂಚಿನಲ್ಲಿ ಭೂಮಾಪಕರದು: ‘ಹೇಳಿ ಹೋಗಬೇಕಿತ್ತು.’ ಅದರ ಕೆಳಗೆ ಎರಡು ಬೆರಳು ಖಾಲಿ, ಆಕೆ ಬರೆದಿದ್ದ ಜಾಗ. ಅದಕ್ಕೂ ಕೆಳಗೆ ಮತ್ತೆ ಇವರದೇ, ಹಾಳೆ ಹರಿಯುವಷ್ಟು ಒತ್ತಿ ಬರೆದದ್ದು: ‘ಒಪ್ಪಿಲ್ಲ.’

“ಇಲ್ಲಿ ನೀವು ಏನು ಬರೆದಿದ್ದಿರಿ ತಂಗೀ?”

ಆಕೆ ಯೋಚಿಸಿದರು. “ಮರ್ತೋಜು. ‘ಹೇಳಿದ್ರೆ ಅವಳು ಬಿಡ್ತಿತ್ತಿಲ್ಲೆ’ ಹೇಳಿ ಬರದ್ದಿ ಕಾಣ್ತು.”

“ಅ...” ಎಂದಿತು ಕುರ್ಚಿ.

ಇಬ್ಬರೂ ತಿರುಗಿದೆವು. ಅವರ ಕುತ್ತಿಗೆಯ ನರ ಬಿಗಿದಿತ್ತು. ಮುಖ ಕೆಂಪಾಗಿತ್ತು. ತಪ್ಪು ಅಳತೆ ಹಿಡಿದ ಸಿಬ್ಬಂದಿಯನ್ನು ನೋಡುವ ಸಿಟ್ಟು.

“ಅಲ್ಲ,” ಎಂದರು.

ಆಕೆಯ ಕೈ ಬಾಯಿಯ ಮೇಲೆ ಹೋಯಿತು. ನಾನು ಹಾಳೆ ನೋಡಿದೆ, ಏಕೆಂದರೆ ಅವರ ಮುಖಗಳನ್ನು ನೋಡುವ ಅಧಿಕಾರ ನನಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಎಂಟು ತಿಂಗಳ ಮೇಲೆ ಬಾಯಿ ಬಿಟ್ಟಿದ್ದೂ ಎನ್ನದು ತಪ್ಪು ಹೇಳಲೇಯ? ಹಂಗಾರೆ ಇದು: ‘ಹೇಳಿ ಹೋಪ ಗಂಡಸ್ರು ಯಾವ ಊರಲ್ಲಿದ್ದ?’”

“ಅಲ್ಲ.” ಈ ಸಲ ಬೇಗ ಬಂತು.

ಆಕೆ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತರು. ನೆನಪಾಗಿತ್ತು, ಅಥವಾ ಮೊದಲಿನಿಂದಲೂ ನೆನಪಿತ್ತೋ ಏನೋ, ಹೇಳಲಾರೆ. ಧ್ವನಿ ಬಹಳ ಇಳಿದಿತ್ತು.

“‘ನಿಂಗನೂ ಹೀಂಗೇ ಹೇಳದ್ದೆ ಹೋಗ್ತ್ರಿ’ ಹೇಳಿ ಬರದ್ದಿ.”

ಅವರು ಅಲ್ಲ ಎನ್ನಲಿಲ್ಲ. ಎಡಗೈಯನ್ನು ನಿಧಾನವಾಗಿ ಎತ್ತಿ ತಂದು, ತೋರುಬೆರಳನ್ನು ಹಾಳೆಯ ಮೇಲೆ, ಕೊನೆಯ ಆ ಒಂದು ಶಬ್ದದ ತಗ್ಗಿನ ಮೇಲೆ ಇಟ್ಟರು. ಒಂದು ಅಕ್ಷರದಿಂದ ಇನ್ನೊಂದಕ್ಕೆ ಎಳೆದರು. ಮತ್ತೆ ಮೊದಲಿನಿಂದ ಎಳೆದರು. ಆಕೆ ಅವರ ಮೊಣಕಾಲಿಗೆ ಹಣೆ ಆನಿಸಿದರು.

ನಾನು ಕೆಳಗಿಳಿದು ಹೊಲಿಗೆ ಅಂಗಡಿಯವನ ಹತ್ತಿರ ದಾರದ ಗುಣಮಟ್ಟದ ಬಗ್ಗೆ ಗಂಭೀರವಾದ ಚರ್ಚೆ ನಡೆಸಿ, ಅರ್ಧ ತಾಸು ಬಿಟ್ಟು ಬಂದೆ. ಅಷ್ಟರಲ್ಲಿ ಹೊತ್ತು ಏರಿ ಬಿಸಿಲು ಕಿಟಕಿಯಿಂದ ಮೇಲೆ ಸರಿದಿತ್ತು. ಹಾಳೆ ಬೆಳ್ಳಗೆ, ಏನೂ ಇಲ್ಲದಂತೆ ಮಲಗಿತ್ತು. ಇವತ್ತಿಗೆ ಇಷ್ಟು ಸಾಕು, ಪುಸ್ತಕ ಇಲ್ಲೇ ಇರಲಿ, ಹಾಳೆ ಹಾರದ ಹಾಗೆ ಸಡಿಲವಾಗಿ ಹೊಲಿದು ಕೊಡುತ್ತೇನೆ ಎಂದು ಫಾರಂ ಮಡಿಸಲು ಹೋದೆ. ಅದರ ಮೇಲೆ ಎಡಗೈ ಹರಡಿ ಕುಳಿತಿತ್ತು.

“ಅಲ್ಲ.”

“ಬೆಳಕು ಹೋಯಿತು ಸಾಹೇಬ್ರೆ. ಕಾಣುವುದಿಲ್ಲ.”

ಕೈ ಕದಲಲಿಲ್ಲ. ಕಣ್ಣು ಮಾತ್ರ ಕೋಣೆಯ ಆಚೆ ಬದಿಯ ಕಿಟಕಿಗೆ ಹೋಯಿತು, ಅಲ್ಲಿಂದ ನನ್ನ ಮೇಲೆ, ಅಲ್ಲಿಂದ ಮೇಜಿನ ಮೇಲೆ. ಸರ್ವೆ ಇಲಾಖೆಯಲ್ಲಿ ಕೈಕೆಳಗಿನವರಿಗೆ ಕಂಬ ಎಲ್ಲಿ ನೆಡಬೇಕೆಂದು ಹಾಗೆಯೇ ತೋರಿಸುತ್ತಿದ್ದರೇನೋ. ನಾನೂ ಆಕೆಯೂ ಸೇರಿ ಮೇಜನ್ನು ಎತ್ತಿ ಪಶ್ಚಿಮದ ಕಿಟಕಿಗೆ ಇಟ್ಟೆವು. ಆಮೇಲೆ ಕುರ್ಚಿಯನ್ನು, ಅವರ ಸಮೇತ.

ಆ ಕಿಟಕಿಗೆ ಬಿಸಿಲು ಬರುವುದು ಮೂರೂವರೆಗೆ ಎಂದು ಆಕೆ ಹೇಳಿದರು. ಅನ್ನಕ್ಕೆ ಇನ್ನೊಂದು ಲೋಟ ಅಕ್ಕಿ ಹಾಕಲು ಒಳಗೆ ಹೋದರು. ನಾವಿಬ್ಬರು ಗಂಡಸರು ಖಾಲಿ ಹಾಳೆಯ ಮುಂದೆ ಕಾಯುತ್ತ ಕುಳಿತೆವು.